ಅಪ್ಪನಿಗೆ ಮೈನಸ್ ಒಂದು, ನನಗೆ 612

ಈಗ ಒಬ್ಬ ಮನುಷ್ಯನ ಯೋಗ್ಯತೆ ತಿಳಿಯಲು ಜಾತಕ ಬೇಡ, ಸಂಬಳದ ಚೀಟಿಯೂ ಬೇಡ. ‘ಸಿಬಿಲ್ ಎಷ್ಟಿದೆ?’ ಅಂತ ಕೇಳಿದರೆ ಮುಗಿಯಿತು. ಸಿಬಿಲ್ ಅಂದರೆ ನಾವು ಸಾಲ ತೀರಿಸಿದ ಚರಿತ್ರೆ ನೋಡಿ ಹಾಕುವ ಅಂಕ. ಹುಡುಗನ ಸಿಬಿಲ್ ಕಡಿಮೆ ಅಂತ ಗೊತ್ತಾಗಿ ಮಹಾರಾಷ್ಟ್ರದಲ್ಲಿ ಮದುವೆ ಮಾತುಕತೆಯೇ ಮುರಿದ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಓದಿ ನನ್ನ ಹೆಂಡತಿ ಪೇಪರ್ ಮಡಚಿಟ್ಟು ನನ್ನನ್ನೇ ನೋಡಿದಳು. ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ವಲ್ಲ’ ಅಂದಳು. ಅದು ಸಮಾಧಾನವೋ ಪಶ್ಚಾತ್ತಾಪವೋ ಕೇಳುವ ಧೈರ್ಯ ನನಗಿರಲಿಲ್ಲ.

ಯಾಕೆಂದರೆ ಅದೇ ವಾರ ನನ್ನ ಸಿಬಿಲ್ ಬಯಲಾಗಿತ್ತು. ಕೆಂಗೇರಿ ಕಡೆ ಒಂದು ಫ್ಲ್ಯಾಟ್ ನೋಡಿದ್ದೆವು, 40 ಲಕ್ಷ ಸಾಲ ಬೇಕಿತ್ತು. ಫಾರ್ಮ್ 16, ಐಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಜೋಡಿಸಿ ದಪ್ಪ ಫೈಲ್ ಒಯ್ದಿದ್ದೆ. ಅಧಿಕಾರಿ ಅದನ್ನು ಬಿಚ್ಚಲೂ ಇಲ್ಲ. ಪ್ಯಾನ್ ನಂಬರ್ ಕುಟ್ಟಿ, ಸ್ಕ್ರೀನ್ ನೋಡಿ, ದನಿ ತಗ್ಗಿಸಿ, ‘ಜೊತೆಗೆ ಯಾರಾದರೂ ಬಂದಿದ್ದಾರಾ ಸಾರ್?’ ಅಂದರು. ನನ್ನ ಎದೆ ಧಸಕ್ಕೆಂದಿತು. ಅವರು ಕೇಳಿದ್ದು ಕೋ-ಅಪ್ಲಿಕೆಂಟ್ ಬಗ್ಗೆ.

ಸ್ಕೋರ್ 612. ಇದು 300ರಿಂದ 900ರವರೆಗಿನ ಲೆಕ್ಕ. 750 ದಾಟಿದವರಿಗೆ ಬ್ಯಾಂಕಿನಲ್ಲಿ ಕಾಫಿ ಬರುತ್ತದೆ. 612ಕ್ಕೆ ಫಿಲ್ಟರ್ ನೀರು ಎಲ್ಲಿದೆ ಅಂತ ತೋರಿಸುತ್ತಾರೆ. ಸಾಲ ಕೊಟ್ಟರೂ ಬಡ್ಡಿ ಜಾಸ್ತಿ. 40 ಲಕ್ಷಕ್ಕೆ ಎಂಟೂವರೆ ಬದಲು ಒಂಬತ್ತು ಪರ್ಸೆಂಟ್ ಅಂದರೆ ತಿಂಗಳಿಗೆ ಸುಮಾರು 1,275 ರೂಪಾಯಿ ಹೆಚ್ಚು. 20 ವರ್ಷಕ್ಕೆ ಮೂರು ಲಕ್ಷ. ಅರ್ಧ ಪರ್ಸೆಂಟ್ ಅಂತ ಕೇಳಿದಾಗ ಎಷ್ಟು ಬಡಪಾಯಿ ಥರ ಇತ್ತು, ಅಲ್ವಾ?

ದೇಶದಲ್ಲಿ ಇಂಥ ಲೆಕ್ಕ ಇಡುವ ಕಂಪನಿಗಳು ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ತರಿಸಿಕೊಂಡೆ. ನನ್ನ ಬಗ್ಗೆ ಇಷ್ಟು ಆಸಕ್ತಿಯಿಂದ ಯಾರೂ ಬರೆದದ್ದನ್ನು ನಾನು ಓದಿರಲಿಲ್ಲ. ನಾನೇ ಮರೆತಿದ್ದ ವಿಜಯನಗರದ ಪಿ.ಜಿ. ವಿಳಾಸ ಅದರಲ್ಲಿತ್ತು. ದಾವಣಗೆರೆಯಲ್ಲಿ ನಾನು ಕಂತಿನ ಮೇಲೆ ಫ್ರಿಜ್ ಕೊಂಡಿದ್ದೂ ಇತ್ತು. ದಾವಣಗೆರೆಯಲ್ಲಿ ನಾನು ಬೆಣ್ಣೆ ದೋಸೆ ಬಿಟ್ಟು ಬೇರೇನೂ ಕೊಂಡವನಲ್ಲ.

ಅದಕ್ಕಿಂತ ದೊಡ್ಡದು ಮುಂದಿನ ಪುಟದಲ್ಲಿತ್ತು. ಕಂತು ಎಷ್ಟು ದಿನ ತಡವಾಯಿತು ಅಂತ ತಿಂಗಳಿಗೊಂದು ಚೌಕದಲ್ಲಿ ಬರೆದಿರುತ್ತಾರೆ. ಸೊನ್ನೆ ಇದ್ದರೆ ಒಳ್ಳೆಯದು. ಶಾಲೆಯ ಮಾರ್ಕ್ಸ್ ಕಾರ್ಡಿಗೆ ತದ್ವಿರುದ್ಧ. ಒಂದು ಸಾಲಿನಲ್ಲಿ 30, 60, 90 ಅಂತ ಏರುತ್ತಾ ಹೋಗಿತ್ತು. ಅದು ನನ್ನ ಭಾವಮೈದನ ಬೈಕ್. ‘ಜಾಮೀನು ಅಂದ್ರೆ ಸುಮ್ನೆ ಒಂದು ಸೈನ್ ಭಾವ’ ಅಂದಿದ್ದ. ಕಂತು ಕಟ್ಟದ ಆ ತಿಂಗಳುಗಳಲ್ಲೇ ಅವನು ಅದೇ ಬೈಕಿನಲ್ಲಿ ಗೋಕರ್ಣಕ್ಕೆ ಹೋಗಿ ಫೋಟೋ ಹಾಕಿದ್ದ. ನಾನು ಲೈಕ್ ಒತ್ತಿದ್ದೆ. ಈಗ ಅವನು ಹಬ್ಬಕ್ಕೆ ಬಂದು ಎರಡನೇ ಹೋಳಿಗೆಗೆ ಕೈ ಚಾಚಿದಾಗಲೆಲ್ಲ ನನ್ನ ಕಣ್ಣಿಗೆ ಆ 90 ಕಾಣುತ್ತದೆ. ಹೆಂಡತಿಯ ತಮ್ಮ. ತುಪ್ಪ ಬಡಿಸುವುದು ಬಿಟ್ಟರೆ ಏನು ಮಾಡೋದು?

ಇನ್ನೊಂದು ಕಳಂಕ, ಮಾಲ್‌ನಲ್ಲಿ ಕೊಟ್ಟ ಕ್ರೆಡಿಟ್ ಕಾರ್ಡ್. ‘ಲೈಫ್‌ಟೈಮ್ ಫ್ರೀ’, ಜೊತೆಗೊಂದು ಟ್ರಾಲಿ ಬ್ಯಾಗ್. ಬ್ಯಾಗಿನ ಚಕ್ರ ಮೊದಲ ಪ್ರಯಾಣದಲ್ಲೇ ಕಳಚಿತು. ಕಾರ್ಡಿನ ಚಕ್ರ ಮಾತ್ರ ತಿರುಗುತ್ತಲೇ ಇತ್ತು. ನಾನು ಒಮ್ಮೆಯೂ ಉಜ್ಜದ ಆ ಕಾರ್ಡಿಗೆ ವಾರ್ಷಿಕ ಶುಲ್ಕ 499, ಅದಕ್ಕೆ ಜಿಎಸ್‌ಟಿ, ಕಟ್ಟಲಿಲ್ಲವೆಂದು ದಂಡ, ದಂಡಕ್ಕೆ ಮತ್ತೆ ಜಿಎಸ್‌ಟಿ. ಬಿಲ್ಲುಗಳೆಲ್ಲ ವಿಜಯನಗರದ ಆ ಪಿ.ಜಿ.ಗೆ ಹೋಗುತ್ತಿದ್ದವು. ವಸೂಲಿ ಹುಡುಗ ಬಲು ಮರ್ಯಾದಸ್ಥ. ‘ಅರ್ಧ ಕಟ್ಟಿ ಸಾರ್, ಸೆಟ್ಲ್ ಮಾಡಿಬಿಡೋಣ’ ಅಂದ. ಕೇಳಲು ಎಷ್ಟು ಹಿತ! ಬ್ಯಾಂಕಿನಲ್ಲಿರುವ ಗೆಳೆಯ ತಲೆ ಚಚ್ಚಿಕೊಂಡ. ‘ಸೆಟಲ್ಡ್’ ಅಂತ ಬಿದ್ದರೆ ಪೂರ್ತಿ ತೀರಿಸಲಿಲ್ಲ ಅಂತ ಅರ್ಥ, ಅದು ವರ್ಷಗಟ್ಟಲೆ ವರದಿಯಲ್ಲಿ ಕೂತಿರುತ್ತದೆ. ‘ಕ್ಲೋಸ್ಡ್’ ಅಂತಲೇ ಬರಬೇಕು, ಬಾಕಿ ಇಲ್ಲ ಅನ್ನುವ ಪತ್ರವನ್ನೂ ಕೈಗೆ ತಗೋ ಅಂದ. ಬೈದುಕೊಂಡೇ ಪೂರ್ತಿ ಕಟ್ಟಿದೆ. ಭಾವಮೈದನ ಬಾಕಿಯನ್ನೂ ನಾನೇ ಕಟ್ಟಿದೆ. ಅವನು ಥ್ಯಾಂಕ್ಸ್ ಅಂತ ಎಮೋಜಿ ಕಳಿಸಿದ.

ಫ್ರಿಜ್ ಬಗ್ಗೆ ತಕರಾರು ಹಾಕಿದೆ. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2024ರಿಂದ ನಿಯಮ ಇದೆ. ಸರ್ಕಾರಿ ಕಚೇರಿಗಳ ಅನುಭವದ ಮೇಲೆ ನಾನು ಆ ಹಣದಲ್ಲಿ ಸೋಫಾ ಕೊಳ್ಳುವ ಯೋಚನೆ ಮಾಡಿದ್ದೆ. ಗಡುವಿಗೆ ಮುಂಚೆಯೇ ಸರಿಮಾಡಿಬಿಟ್ಟರು.

ನಿಜವಾದ ಗಲಾಟೆ ಎದ್ದದ್ದು ಅಪ್ಪನ ವಿಷಯದಲ್ಲಿ. ‘ಪೆನ್ಷನ್ ಬರುತ್ತಲ್ಲ, ತಂದೆಯವರನ್ನು ಜೊತೆಗೆ ಸೇರಿಸಿ ನೋಡೋಣ’ ಅಂದರು ಅಧಿಕಾರಿ. ಅಪ್ಪ ಅರಸೀಕೆರೆಯಲ್ಲಿ ಮೇಷ್ಟರಾಗಿದ್ದವರು. ಕಿರಾಣಿ ಅಂಗಡಿಯಲ್ಲೂ ಲೆಕ್ಕ ಬರೆಸದವರು. ಅವರ ಪ್ಯಾನ್ ಹಾಕಿದಾಗ ಬಂತು: ಮೈನಸ್ ಒಂದು.

ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ‘ಕ್ಲಾಸಿನ ಕೊನೇ ಬೆಂಚಿಗೂ ನಾನು ಸೊನ್ನೆಗಿಂತ ಕಡಿಮೆ ಕೊಟ್ಟಿಲ್ಲ ಕಣೋ’ ಅಂದರು. ಸಾಲದ ಇತಿಹಾಸವೇ ಇಲ್ಲದವರಿಗೆ ಹಾಗೆ ಬರುತ್ತದೆ ಅಂತ ವಿವರಿಸಿದೆ. ಅದರಿಂದ ಇನ್ನೂ ಕೆಟ್ಟಿತು. ‘ಬ್ಯಾಂಕಿಗೆ ನಾಮ ಹಾಕಿ ಓಡಿದವನಿಗೆ ಎಷ್ಟು ಬರುತ್ತೆ?’ ಎಷ್ಟೇ ಕಡಿಮೆ ಅಂದರೂ 300 ಅಂದೆ. ಅವತ್ತು ಅವರು ಊಟ ಮಾಡಲಿಲ್ಲ.

ಅಧಿಕಾರಿಯ ಬಳಿ ಇದಕ್ಕೂ ಮದ್ದಿತ್ತು. ಎಫ್‌ಡಿ ಇಡಿ, ಅದರ ಮೇಲೆ ಕಾರ್ಡ್ ಕೊಡ್ತೀವಿ, ಬಳಸಿ ಕಟ್ಟುತ್ತಾ ಹೋದರೆ ಸ್ಕೋರ್ ಹುಟ್ಟುತ್ತೆ. ಅಪ್ಪ ನಿಧಾನವಾಗಿ ಕೇಳಿದರು: ‘ನನ್ನ ದುಡ್ಡು ಇವರ ಹತ್ತಿರ ಇಟ್ಟು, ಅದನ್ನೇ ನಾನು ಸಾಲ ತಗೊಂಡು, ತೀರಿಸಿದರೆ, ನಾನು ಒಳ್ಳೆಯವನು ಅಂತ ಇವರು ಸರ್ಟಿಫಿಕೇಟ್ ಕೊಡ್ತಾರಾ?’ ಅಧಿಕಾರಿ ಪ್ರಿಂಟರ್ ಕಡೆ ಎದ್ದುಹೋದರು.

ಆ ಕಾರ್ಡನ್ನು ಕೊನೆಗೆ ನಾನೇ ತಗೊಂಡೆ. ಮಿತಿ 40,000. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದರು. ಸಿಬಿಲ್ ಬಲ್ಲವರು ಹಾಸಿಗೆಯಲ್ಲೂ 30 ಪರ್ಸೆಂಟ್‌ನಷ್ಟೇ ಚಾಚು ಅನ್ನುತ್ತಾರೆ. ಅಂದರೆ 12,000. ದೀಪಾವಳಿಗೆ ಹೆಂಡತಿ ಆರಿಸಿದ ಸೀರೆ 14,000. ಅಂಗಡಿಯ ಕೌಂಟರ್ ಮುಂದೆ ನಾನು ಪರ್ಸೆಂಟ್ ಲೆಕ್ಕ ಹಾಕುತ್ತಾ ನಿಂತಿದ್ದೆ. ಅವಳು ತನ್ನ ಫೋನ್ ತೆಗೆದು ಟಕ್ ಅಂತ ಹಣ ಕಳಿಸಿದಳು.

ಆಮೇಲೆ ತಿಳಿಯಿತು, ಅವಳ ಸ್ಕೋರ್ 791. ನನ್ನ ಕಷ್ಟಕಾಲಗಳಲ್ಲಿ ಬಳೆ ಅಡವಿಟ್ಟು ತಂದ ಚಿನ್ನದ ಸಾಲಗಳನ್ನೆಲ್ಲ ಅವಳು ಚಾಚೂ ತಪ್ಪದೆ ತೀರಿಸಿದ್ದಳು. ಅಂತೂ ಅವಳೇ ಮೊದಲ ಅರ್ಜಿದಾರಳು, ಮನೆಯೂ ಅವಳ ಹೆಸರಿಗೆ. ಹೆಂಗಸರಿಗೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಚೂರು ರಿಯಾಯಿತಿಯನ್ನೂ ಕೊಡುತ್ತವೆ. ಅಷ್ಟು ಹೊತ್ತಿಗೆ ನಾನೂ ತೆವಳಿ 738ಕ್ಕೆ ಬಂದಿದ್ದೆ. 2025ರಲ್ಲಿ ಬ್ಯಾಂಕುಗಳು ತಿಂಗಳಿಗೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ಲೆಕ್ಕ ಕಳಿಸತೊಡಗಿದ್ದರಿಂದ ನನ್ನ ಎದೆಬಡಿತವೂ ಅದೇ ವೇಳಾಪಟ್ಟಿಗೆ ಹೊಂದಿಕೊಂಡಿತ್ತು.

ಸಾಲ ಮಂಜೂರಾಗಿ ಮೊದಲ ಕಂತು ಕಟ್ಟುವ ಮುಂಚೆಯೇ ಆ್ಯಪ್ ಸದ್ದು ಮಾಡಿತು. ‘ನಿಮ್ಮ ಸ್ಕೋರ್ 14 ಅಂಕ ಇಳಿದಿದೆ. ಕಾರಣ: ಹೊಸ ಸಾಲ.’ ಅದರ ಕೆಳಗೇ ಬಣ್ಣಬಣ್ಣದ ಕಾಗದದ ಚೂರುಗಳು ಉದುರುವ ಚಿತ್ರ: ‘ಅಭಿನಂದನೆಗಳು! ನೀವು ಐದು ಲಕ್ಷದ ಪರ್ಸನಲ್ ಲೋನ್‌ಗೆ ಅರ್ಹರು.’