ಮುಂದಿನ ವರ್ಷದ ಅಂದಾಜು

ಡಿಸೆಂಬರ್ ಕೊನೆಯ ವಾರ ಚಿಕ್ಕಮಗಳೂರಿನವರು ಮನೆಯಿಂದ ಹೊರಗೆ ಕಾಲಿಡಬಾರದು. ಕೈಮರದ ಚೆಕ್‌ಪೋಸ್ಟಿನಿಂದ ಮುಳ್ಳಯ್ಯನಗಿರಿ ಕಡೆಗೆ ಬೆಂಗಳೂರಿನ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ. ಹೋಟೆಲಿನಲ್ಲಿ ಕೂರಲು ಜಾಗವಿಲ್ಲ. ಅರ್ಧ ಕೆ.ಜಿ. ಕಾಫಿಪುಡಿ ತರೋಣ ಅಂದರೆ ಅಲ್ಲೂ ಕ್ಯೂ. ಹಾಗಾಗಿ ಮನೆಯಲ್ಲೇ ಇದ್ದೆ. ಮನೆಯಲ್ಲಿದ್ದುದರಿಂದಲೇ ಸಿಕ್ಕಿಬಿದ್ದೆ.

ತಂಗಿಯ ಮಗಳು ಬೆಂಗಳೂರಿನಿಂದ ರಜಕ್ಕೆ ಬಂದಿದ್ದಳು. ಬೆಳಿಗ್ಗೆ ಅಕ್ಕಿರೊಟ್ಟಿ ತಿನ್ನುತ್ತಾ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, “ಮಾವ, ಮುಂದಿನ ವರ್ಷ ನಿಮ್ಮ ರೈಟಿಂಗ್ ಗೋಲ್ಸ್ ಏನು ಹೇಳಿ, ತುಂಬ್ತೀನಿ” ಅಂದಳು. ಪರದೆಯ ಮೇಲೆ ಬಣ್ಣಬಣ್ಣದ ಕೋಷ್ಟಕ. ಅಡ್ಡಕ್ಕೆ ಜನವರಿಯಿಂದ ಡಿಸೆಂಬರ್. ಉದ್ದಕ್ಕೆ ಪುಸ್ತಕ, ಲೇಖನ, ಪ್ರಶಸ್ತಿ, ಆದಾಯ. ಮುಗಿದದ್ದಕ್ಕೆ ಹಸಿರು ಬರುತ್ತದಂತೆ, ತಡವಾದದ್ದಕ್ಕೆ ಕೆಂಪು.

“ಗೋಲ್ ಅಂದ್ರೆ ಅಳೆಯೋ ಹಾಗಿರ್ಬೇಕು ಮಾವ. ಚೆನ್ನಾಗಿ ಬರೀತೀನಿ ಅಂತೆಲ್ಲ ಹಾಕೋ ಹಾಗಿಲ್ಲ.”

ನಾನು ಅದನ್ನೇ ಹಾಕಿಸೋಣ ಅಂತಿದ್ದೆ.

ನಮ್ಮ ಜಿಲ್ಲೆಯಲ್ಲಿ ಕೂತು ಬರೆಯುವವರು ಜನವರಿಗೆ ಗುರಿ ಇಟ್ಟುಕೊಳ್ಳುವುದಕ್ಕೆ ಒಂದು ತೊಡಕಿದೆ. ಅದಕ್ಕೆ ಮುಂಚೆ ಡಿಸೆಂಬರ್ 29 ಬಂದುಬಿಡುತ್ತದೆ. ಕುವೆಂಪು ಹುಟ್ಟಿದ ದಿನ. ಶಿವಮೊಗ್ಗದವರು ಕುಪ್ಪಳಿ ಕುಪ್ಪಳಿ ಅಂತ ಎಷ್ಟೇ ಹೇಳಲಿ, 1904ರಲ್ಲಿ ಅವರು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಆ ದಿನ ಎಲ್ಲೋ ಒಂದು ಕಡೆ ನನ್ನನ್ನೂ ಭಾಷಣಕ್ಕೆ ಕರೆದಿರುತ್ತಾರೆ. ವೇದಿಕೆ ಮೇಲೆ ಯಾರಾದರೊಬ್ಬರು, ಅವರ ರಾಮಾಯಣಕ್ಕೆ ಸುಮಾರು ಒಂಬತ್ತು ವರ್ಷ ಹಿಡಿಯಿತು ಅಂತ ಹೇಳಿಯೇ ಹೇಳುತ್ತಾರೆ. ಅದಕ್ಕೆ ಸಿಕ್ಕಿದ್ದು 1967ರ ಸಾಲಿನ ಜ್ಞಾನಪೀಠ. ನಮ್ಮ ಹುಡುಗಿಯ ಕೋಷ್ಟಕದಲ್ಲಿ ಹಾಕಿ ನೋಡಿದರೆ ಒಂಬತ್ತು ವರ್ಷ ಪೂರ್ತಿ ಕೆಂಪು. ಇದನ್ನು ಕೇಳಿಸಿಕೊಂಡು ಮನೆಗೆ ಬಂದವನು ‘ಮಾರ್ಚ್ ಒಳಗೆ ಒಂದು ಪುಸ್ತಕ’ ಅಂತ ಹೇಗೆ ಬರೆಸುವುದು?

ಇನ್ನು 2025ರ ಮೇ ಆದಮೇಲಂತೂ ಕಷ್ಟ ಜಾಸ್ತಿಯಾಗಿದೆ. ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಅನುವಾದಿಸಿದ ದೀಪಾ ಭಾಸ್ತಿ ಮಡಿಕೇರಿಯವರು. ನನಗೆ ನಿಜವಾಗಿ ಖುಷಿಯಾಯಿತು, ಸ್ವೀಟ್ ತಂದು ಹಂಚಿದೆ. ಆ ಖುಷಿ ಕಾಫಿಪುಡಿ ಅಂಗಡಿಗೆ ಹೋಗುವವರೆಗೆ ಇತ್ತು. “ಸಾರ್, ಪಕ್ಕದ ಹಾಸನಕ್ಕೆ ಬಂತು. ನಮ್ಮೂರಿಗೆ ಯಾವಾಗ ತರ್ತೀರಿ?” ಅಂದರು ಅಂಗಡಿಯವರು. ಎಂ.ಪಿ.ಯನ್ನು ರೈಲು ಕೇಳುವ ಧಾಟಿ. ಕಡೂರಿನಿಂದ ಇಲ್ಲಿಗೆ ರೈಲು ಬಂದದ್ದೇ 2013ರಲ್ಲಿ ಸ್ವಾಮಿ, ಅದಕ್ಕೆ ಊರು ಎಷ್ಟು ಕಾದಿತ್ತು ನೆನಪಿದೆಯೇ ಅನ್ನಬೇಕೆಂದುಕೊಂಡೆ. ಹಿಂದೆ ಜನ ನಿಂತಿದ್ದರು, ಸುಮ್ಮನಾದೆ. ಆ ಪುಸ್ತಕದ ಹನ್ನೆರಡು ಕತೆಗಳು 1990ರಿಂದ 2023ರವರೆಗೆ ಬರೆದವು. ಮೂವತ್ತು ವರ್ಷಕ್ಕೂ ಮೇಲೆ. ಮಧ್ಯೆ ವಕೀಲಿಕೆ, ಹೋರಾಟ, ಸಂಸಾರ. ಇದನ್ನೆಲ್ಲ ಅಂಗಡಿಯವರಿಗೆ ಹೇಳಿ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಫ್ಲೆಕ್ಸ್ ಹಾಕಲು ಒಂದು ಕಾರಣ.

ಆದಾಯದ ಕಾಲಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶೇಷಾಂಕಕ್ಕೆ ಲೇಖನ ಕೇಳುವಾಗ ದಿನಕ್ಕೆರಡು ಸಲ ಫೋನ್ ಮಾಡುವವರು ಅಂಕ ಬಂದಮೇಲೆ ಗೌರವ ಪ್ರತಿ ಕಳಿಸುವುದನ್ನೂ ಮರೆಯುತ್ತಾರೆ. ಸಂಭಾವನೆಯ ಮಾತೆತ್ತಿದರೆ, “ನಿಮ್ಮಂಥವರೂ ದುಡ್ಡು ಕೇಳ್ತೀರಾ ಸಾರ್?” ಅಂತ ನಗುತ್ತಾರೆ. ಕೇಳುತ್ತೇನೆ. ಗ್ಯಾಸಿನವನು ಕೇಳುತ್ತಾನೆ, ಅದಕ್ಕೆ. ಸಭೆ ಸಮಾರಂಭದಲ್ಲಿ ಹೊದಿಸುವ ಶಾಲುಗಳೇ ಆದಾಯ ಅಂತ ಹಿಡಿದರೆ ನಾನು ಸ್ಥಿತಿವಂತ. ಆದರೆ ಆ ಶಾಲಿನಲ್ಲಿ ನಮ್ಮ ಜನವರಿ ಚಳಿ ತಡೆಯುವಂಥದ್ದು ಒಂದೂ ಇಲ್ಲ. ಜರಿ ಜಾಸ್ತಿ, ನೂಲು ಕಮ್ಮಿ. ನನ್ನ ಹೆಂಡತಿ ಅವುಗಳಲ್ಲಿ ಎರಡನ್ನು ಜೋಡಿಸಿ ಟಿ.ವಿ.ಗೆ ಮುಸುಕು ಹೊಲಿದಿದ್ದಾಳೆ.

ನನಗೆ ಈ ಕೋಷ್ಟಕ ನೋಡಿದೊಡನೆ ನೆನಪಾದದ್ದು ದೊಡ್ಡಪ್ಪನ ತೋಟದ ರೈಟರು. ತೋಟ ಆಲ್ದೂರಿನ ಕಡೆ. ಗೋಡೌನಿನ ಪಕ್ಕ ಒಂದು ಸಣ್ಣ ಆಫೀಸು ರೂಮು, ಅದರಲ್ಲಿ ಒಂದು ಮೇಜು, ಮೇಜಿನ ಹಿಂದೆ ರೈಟರು. ಆಳುಗಳ ಹಾಜರಿ, ಹಣ್ಣು ಕುಯ್ದ ತೂಕ, ಗೊಬ್ಬರದ ಚೀಲ, ಮಳೆ, ಎಲ್ಲವೂ ಅವರ ಪುಸ್ತಕದಲ್ಲಿ. ನಾನು ಕಂಡವರಲ್ಲಿ ದಿನಾ ತಪ್ಪದೆ ಬರೆಯುತ್ತಿದ್ದವರು ಅವರೊಬ್ಬರೇ. ಮೂಡಿಲ್ಲ, ಸ್ಫೂರ್ತಿ ಬಂದಿಲ್ಲ ಅಂತ ಒಂದು ದಿನವೂ ಅಂದವರಲ್ಲ.

ಜನವರಿಯಲ್ಲಿ ಯಾರಾದರೂ ಅವರನ್ನು, “ಮುಂದಿನ ವರ್ಷ ಫಸಲು ಹೆಂಗೆ ರೈಟ್ರೇ?” ಅಂತ ಕೇಳಿದರೆ ಕೇಳಿದವರ ಮುಖವನ್ನೇ ನೋಡುತ್ತಿದ್ದರು. ಜನವರಿ ಅಂದರೆ ಕುಯ್ಲು. ಅರೇಬಿಕಾ ಮುಗಿಯುತ್ತಾ ಬಂದಿರುತ್ತದೆ, ರೋಬಸ್ಟಾ ಶುರುವಾಗಿರುತ್ತದೆ, ಆಳು ಸಿಗುವುದಿಲ್ಲ, ಕಣದಲ್ಲಿ ಕಾಫಿ ಹರಡಿದ್ದಾಗ ಮೋಡ ಕಂಡರೆ ಎದೆ ಡವಡವ. ಇರುವ ಹಣ್ಣು ಮನೆ ಸೇರಿದರೆ ಸಾಕಾಗಿದೆ, ಇನ್ನೂ ಹೂವೇ ಆಗದ ವರ್ಷದ ಮಾತು ಯಾಕೆ? ಕಾಫಿ ಬೋರ್ಡಿನವರೂ ಹೂವಾದ ಮೇಲೆ ಒಂದು ಅಂದಾಜು ಕೊಡುತ್ತಾರೆ, ಮುಂಗಾರು ಮುಗಿದ ಮೇಲೆ ಇನ್ನೊಂದು. ಮಧ್ಯದಲ್ಲಿ ಕೊಳೆರೋಗ ಬರಬಹುದು, ಕಾಯಿ ಉದುರಬಹುದು. ಬರೆಯುವವರ ಅಂದಾಜನ್ನು ಮಾತ್ರ ಡಿಸೆಂಬರ್ 31ರ ರಾತ್ರಿಯೇ ಕೊಡಬೇಕಂತೆ. ಅದೂ ಹಿಂದಿನ ಹೋಂಸ್ಟೇಯಲ್ಲಿ ಡಿ.ಜೆ. ಹಾಕಿಕೊಂಡು ಕುಣಿಯುವವರ ಗಲಾಟೆ ನಡುವೆ.

ರೈಟರ ಮಾತು ಬಂತಲ್ಲ, ಮಳೆಯ ಗೇಜಿನದೊಂದು ಕತೆ ಹೇಳಲೇಬೇಕು.

ತೋಟದವರಿಗೆ ಮಿಲಿಮೀಟರ್ ಇವತ್ತಿಗೂ ಒಗ್ಗಿಲ್ಲ. ಮಳೆ ಅಂದರೆ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ರೈಟರು ಗೇಜಿನ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ನೋಡಿ, ಒಳಗೆ ಹೋಗಿ ಬರೆಯುತ್ತಿದ್ದರು. ಮಾರ್ಚ್ ಏಪ್ರಿಲಿನ ಹೂಮಳೆಯ ಕಾಲದಲ್ಲಿ ಇದು ದೊಡ್ಡ ವಿಷಯ. ಒಂದಿಂಚಾದರೂ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಕಮ್ಮಿಯಾದರೆ ಅರೆಬರೆ ಹೂವು, ವರ್ಷವಿಡೀ ಅದರ ಕೊರಗು. ಅದಲ್ಲದೆ ಮರ್ಯಾದೆಯ ಪ್ರಶ್ನೆ ಬೇರೆ. ಬೆಳಗಾದರೆ ತೋಟದಿಂದ ತೋಟಕ್ಕೆ ಫೋನು: “ನಿಮ್ಮಲ್ಲಿ ಎಷ್ಟು?”

ಒಂದು ಸಲ ರಾತ್ರಿಯಿಡೀ ಗುಡುಗು ಮಳೆ. ದೊಡ್ಡಪ್ಪ ಐದು ಗಂಟೆಗೇ ಎದ್ದು ಜಗುಲಿಯಲ್ಲಿ ಓಡಾಡುತ್ತಿದ್ದರು. ರೈಟರು ಬಂದೊಡನೆ, “ನೋಡ್ರೀ ಎಷ್ಟಾಗಿದೆ” ಅಂದರು. “ಎಂಟಾಗ್ಲಿ ಗೌಡ್ರೇ” ಅಂದರು ರೈಟರು. ಅಷ್ಟರಲ್ಲಿ ಪಕ್ಕದ ತೋಟದವರ ಫೋನು ಬಂತು. ಅವರಲ್ಲಿ ಒಂದು ಇಂಚು ಇಪ್ಪತ್ತು ಸೆಂಟು. ದೊಡ್ಡಪ್ಪ ಫೋನಿಟ್ಟು ನಮ್ಮ ತೋಟ ಎತ್ತರದಲ್ಲಿದೆ, ನಮಗೆ ಜಾಸ್ತಿಯೇ ಆಗಿರುತ್ತದೆ ಅಂತ ಮನೆಮಂದಿಗೆಲ್ಲ ಸಾರಿದರು. ಎಂಟಕ್ಕೆ ಅಳೆದರೆ ತೊಂಬತ್ತೆರಡು ಸೆಂಟು.

“ಸರಿಯಾಗಿ ನೋಡ್ರೀ.”

ರೈಟರು ಮತ್ತೆ ನೋಡಿದರು. ತೊಂಬತ್ತೆರಡು.

“ಹೋಗ್ಲಿ, ಒಂದಿಂಚು ಅಂತ ಬರೀರಿ.”

“ಇನ್ನೆಂಟು ಸೆಂಟು ನಾನೆಲ್ಲಿಂದ ತರ್ಲಿ ಗೌಡ್ರೇ?”

ದೊಡ್ಡಪ್ಪ ಆ ದಿನ ತಿಂಡಿ ತಿನ್ನಲಿಲ್ಲ. ಗೇಜು ಸಿಲ್ವರ್ ಓಕಿನ ನೆರಳಲ್ಲಿದೆ, ಮರ ಮಳೆ ತಡೆದಿದೆ ಅಂತ ತೀರ್ಮಾನಿಸಿದರು. ಅದನ್ನು ಕೀಳಿಸಿ ಕಣದ ಪಕ್ಕದ ಬಯಲಲ್ಲಿ ನೆಡಿಸಿದರು. ಸಾಲದೆಂದು ಪೇಟೆಯಿಂದ ಹೊಸ ಗೇಜೇ ತರಿಸಿದರು. ಹಳೆಯದು ಸೋರುತ್ತಿತ್ತು ಅಂತ ಬಂದವರಿಗೆಲ್ಲ ಹೇಳಿದರು. ಅದು ಸೋರುತ್ತಿರಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ದೊಡ್ಡಮ್ಮ ಅದರಲ್ಲಿ ಸೌಟುಗಳನ್ನು ನಿಲ್ಲಿಸಿಟ್ಟಿದ್ದರು, ನಾನೇ ನೀರು ತುಂಬಿಸಿ ನೋಡಿದ್ದೇನೆ.

ರೈಟರ ಪುಸ್ತಕದ ಕೊನೆಯಲ್ಲಿ ‘ಷರಾ’ ಅಂತ ಒಂದು ಕಾಲಂ ಇತ್ತು. ಅಂಕಿಸಂಖ್ಯೆಗೆ ಸಿಗದ್ದೆಲ್ಲ ಅಲ್ಲಿಗೆ. ‘ಕಾಟಿ ನುಗ್ಗಿ ಬೇಲಿ ಮುರಿದಿದೆ.’ ‘ಪಲ್ಪರ್ ಕೆಟ್ಟಿದೆ.’ ‘ಮೇಸ್ತ್ರಿ ಮಗಳ ಮದುವೆ, ಆಳಿಲ್ಲ.’ ಒಂದೊಂದು ಸಾಲು, ವಿಶೇಷಣ ಇಲ್ಲ, ಆಶ್ಚರ್ಯಚಿಹ್ನೆ ಇಲ್ಲ. ನಾನು ರಜಕ್ಕೆ ಹೋದಾಗ ಬೇರೆ ಪುಸ್ತಕ ಸಿಗದೆ ಅದನ್ನೇ ಓದುತ್ತಿದ್ದೆ. ಆ ದಿನದ ಷರಾ ನನಗೆ ಬಾಯಿಪಾಠ: ‘ಮಳೆ 92 ಸೆಂಟು. ಗೌಡರು ಒಪ್ಪಲಿಲ್ಲ.’

ವಾರ ಕಳೆದು ದೊಡ್ಡಪ್ಪ ಲೆಕ್ಕ ನೋಡಲು ಕೂತಾಗ ಅದು ಕಣ್ಣಿಗೆ ಬಿದ್ದಿರಬೇಕು. ಕೆಳಗೆ ಕೆಂಪು ಶಾಯಿಯಲ್ಲಿ, ‘ಗೇಜು ಸರಿಯಿಲ್ಲ’ ಅಂತ ಬರೆದು ದೊಡ್ಡದಾಗಿ ಸಹಿ ಹಾಕಿದ್ದರು. ಮುಂದಿನ ಮಳೆ ಬಂದದ್ದು ಏಪ್ರಿಲಿನಲ್ಲಿ, ಹೊಸ ಗೇಜಿಗೆ. ರೈಟರು ಎಂಟು ಗಂಟೆಯವರೆಗೆ ಕಾದು, ಅಳೆದು, ಒಳಗೆ ಹೋಗಿ ಅದೇ ಗುಂಡು ಅಕ್ಷರದಲ್ಲಿ ಷರಾ ಬರೆದರು: ‘ಹೊಸ ಗೇಜು. 84 ಸೆಂಟು. ಸಹಿಗೆ ಇಟ್ಟಿದೆ. ಗೌಡರು ಪೇಟೆಗೆ ಹೋಗಿದ್ದಾರೆ.’