ಎಫ್ರೆನ್ ರೆಯೆಸ್ ಆಟಕ್ಕೆ ಮ್ಯಾಜಿಕ್ ಅನ್ನಬೇಡಿ

ಫಿಲಿಪೀನ್ಸ್‌ನ ಪೂಲ್ (ಕೋಲಿನಿಂದ ಬಾಲ್ ಹೊಡೆದು ಪಾಕೆಟ್‌ಗೆ ಬೀಳಿಸುವ ಟೇಬಲ್ ಆಟ) ಆಟಗಾರ ಎಫ್ರೆನ್ ರೆಯೆಸ್ ಅವರ ವಿಡಿಯೋ ಹಾಕಿದವರೆಲ್ಲ ‘ಮ್ಯಾಜಿಷಿಯನ್’ ಅಂತಲೇ ಬರೆಯುತ್ತಾರೆ. ಜನ ಪ್ರೀತಿಯಿಂದ ಇಟ್ಟ ಹೆಸರು, ನಿಜ. ಆದರೂ ನನಗೆ ಒಪ್ಪಿಗೆಯಿಲ್ಲ. ಮ್ಯಾಜಿಕ್ ಅಂದ ಕೂಡಲೇ ಆ ಮನುಷ್ಯ ಪಟ್ಟ ಪಾಡೆಲ್ಲ ಮರೆತುಹೋಗುತ್ತದೆ.

1954ರಲ್ಲಿ ಪಂಪಾಂಗಾ ಪ್ರಾಂತ್ಯದಲ್ಲಿ ಹುಟ್ಟಿದವರು. ಐದನೇ ವಯಸ್ಸಿಗೇ ಮನಿಲಾಕ್ಕೆ, ಬಿಲಿಯರ್ಡ್ಸ್ ಹಾಲ್ ಇಟ್ಟಿದ್ದ ಬಂಧುವಿನ ಹತ್ತಿರ ಬಂದರು. ಎತ್ತರ ಸಾಲದೆ ಕೋಕಾಕೋಲಾ ಕ್ರೇಟ್ ಮೇಲೆ ನಿಂತು ಆಡುತ್ತಿದ್ದರಂತೆ. ರಾತ್ರಿ ಮಲಗುತ್ತಿದ್ದದ್ದೂ ಪೂಲ್ ಟೇಬಲ್ ಮೇಲೇ.

ಎಳೆ ವಯಸ್ಸಲ್ಲೇ ಪಣಕ್ಕೆ ದುಡ್ಡು ಕಟ್ಟಿ ಆಡಲು ಶುರು ಮಾಡಿದರು. ಪೂಲ್ ಜೊತೆಗೆ ತ್ರೀ ಕುಷನ್ ಬಿಲಿಯರ್ಡ್ಸ್ ಕೂಡ ಆಡುತ್ತಿದ್ದರು. ಆ ಟೇಬಲ್‌ಗೆ ಪಾಕೆಟ್ಟೇ ಇರುವುದಿಲ್ಲ, ಬಾಲನ್ನು ಟೇಬಲ್‌ನ ಅಂಚುಗಳಿಗೆ, ಅಂದರೆ ಕುಷನ್‌ಗಳಿಗೆ, ಬಡಿಸಿ ಬಡಿಸಿ ದಾರಿ ಹುಡುಕಬೇಕು. ನಾವು ಕೇರಂನಲ್ಲಿ ರಿಬೌಂಡ್ ಹೊಡೀತೀವಲ್ಲ, ಆಟ ಪೂರ್ತಿ ಅದೇ ಅಂದುಕೊಳ್ಳಿ. ಇವರ ಆಟದ ಗುಟ್ಟು ಇರುವುದು ಇಲ್ಲೇ ಅಂತ ನನ್ನ ನಂಬಿಕೆ.

1995ರಲ್ಲಿ ಅಮೆರಿಕದ ರೀನೋದಲ್ಲಿ ಆ ದೇಶದ ಆಟಗಾರ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಜೊತೆ ಆಡಿದ ಪಂದ್ಯ ನೋಡಿ. ಇಬ್ಬರಿಗೂ ಗೆಲ್ಲಲು ಒಂದೇ ಸುತ್ತು, ಅಂದರೆ ಒಂದೇ ರ‍್ಯಾಕ್ ಬಾಕಿ. ಹೊಡೆಯಬೇಕಾದ ಬಾಲ್ ಇನ್ನೊಂದರ ಹಿಂದೆ ಅಡಗಿ ಕೂತಿದೆ, ನೇರ ದಾರಿಯೇ ಇಲ್ಲ. ಬೇರೆಯವರಾಗಿದ್ದರೆ ಮುಟ್ಟಿದರೆ ಸಾಕು ಅಂತ ಹೊಡೆಯುತ್ತಿದ್ದರು. ಇವರು ಹೊಡೆದ ಬಿಳಿ ಬಾಲ್ ಎರಡು ಕುಷನ್‌ಗೆ ಬಡಿದು ‘ಝಡ್’ ಆಕಾರದಲ್ಲಿ ಬಂದು ಆ ಬಾಲನ್ನು ಪಾಕೆಟ್‌ಗೇ ಹಾಕಿತು. ಆಮೇಲೆ ಉಳಿದ ಬಾಲ್‌ಗಳನ್ನೂ ಮುಗಿಸಿ ಗೆದ್ದರು. ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ, ಪ್ರತಿ ಸಲವೂ ಮೈ ಜುಮ್ ಅನ್ನುತ್ತದೆ. ಸುಮ್ನೆ ಅದೃಷ್ಟಕ್ಕೆ ಬೀಳೋ ಬಾಲ್ ಅಲ್ಲ ಅದು.

1985ರಲ್ಲಿ ಅಮೆರಿಕಕ್ಕೆ ಹೋದಾಗ ‘ಸೀಸರ್ ಮೊರಾಲೆಸ್’ ಅಂತ ಬೇರೆ ಹೆಸರಲ್ಲಿ ಆಡಿದ್ದರು. ಒಂಬತ್ತು ವರ್ಷದ ಮೇಲೆ, 1994ರಲ್ಲಿ, ಸ್ವಂತ ಹೆಸರಲ್ಲೇ ಪೂಲ್‌ನ ದೊಡ್ಡ ಟೂರ್ನಿ ಯುಎಸ್ ಓಪನ್ ನೈನ್‌ಬಾಲ್ ಗೆದ್ದರು. ಅಮೆರಿಕದ ಹೊರಗಿನವರು ಅದನ್ನು ಗೆದ್ದದ್ದು ಅದೇ ಮೊದಲು. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರು ದಿನ ನಡೆದ ಆಟದಲ್ಲಿ ಅದೇ ಸ್ಟ್ರಿಕ್‌ಲ್ಯಾಂಡ್ ವಿರುದ್ಧ, ಹಿಂದೆ ಬಿದ್ದಿದ್ದವರು ಚೇತರಿಸಿಕೊಂಡು 120–117 ಸುತ್ತುಗಳಲ್ಲಿ ಗೆದ್ದು ಒಂದು ಲಕ್ಷ ಡಾಲರ್ ತೆಗೆದುಕೊಂಡರು. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಮೂರು ದಿನ ಯಾರಾದರೂ ಮ್ಯಾಜಿಕ್ ಮಾಡ್ತಾರಾ ಹೇಳಿ?

2019ರ ಆಗ್ನೇಯ ಏಷ್ಯಾ ಕ್ರೀಡಾಕೂಟ ಅವರ ದೇಶದಲ್ಲೇ ನಡೆಯಿತು. ಆಗ ಅವರಿಗೆ 65. ಗೆದ್ದದ್ದು ಕಂಚು, ಪೂಲ್‌ನಲ್ಲಿ ಅಲ್ಲ, ಒನ್ ಕುಷನ್‌ನಲ್ಲಿ. ಅದರ ಟೇಬಲ್‌ಗೂ ಪಾಕೆಟ್ ಇರುವುದಿಲ್ಲ.