ಒಂದು ವರ್ಷ ದುಡಿಸಿಕೊಂಡಿರಿ, ಕಲಿಸಿದ್ದೇನು?

ಮಧ್ಯಾಹ್ನದಿಂದ ಮನಸ್ಸು ಸರಿಯಿಲ್ಲ. ಬರೆಯದೇ ಇದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಉದ್ದ ಆಗಬಹುದು, ಪುರುಸೊತ್ತಿದ್ದವರು ಓದಿ.

ಪೀಣ್ಯದ ನಮ್ಮ ಮೆಷಿನ್ ಶಾಪಿನಲ್ಲಿ, ತಯಾರಾದ ಭಾಗಗಳ ಅಳತೆ ಚೆಕ್ ಮಾಡುವ ಇನ್‌ಸ್ಪೆಕ್ಷನ್‌ಗೆ ಒಬ್ಬ ಹುಡುಗ ಬೇಕಿತ್ತು. ಇವತ್ತು ಮೂರ್ನಾಲ್ಕು ಜನ ಇಂಟರ್‌ವ್ಯೂಗೆ ಬಂದಿದ್ದರು. ಅದರಲ್ಲೊಬ್ಬ ತಿಪಟೂರು ಕಡೆಯವನು. ಮೆಕ್ಯಾನಿಕಲ್ ಡಿಪ್ಲೊಮಾ, ಫಸ್ಟ್ ಕ್ಲಾಸ್. ಅದರ ಜೊತೆಗೆ ದೊಡ್ಡ ಕಂಪನಿಯೊಂದರಲ್ಲಿ ಒಂದು ವರ್ಷ ಅಪ್ರೆಂಟಿಸ್‌ಶಿಪ್, ಅಂದರೆ ಕೆಲಸ ಮಾಡುತ್ತಲೇ ಕಸುಬು ಕಲಿಯುವ ತರಬೇತಿ, ಮುಗಿಸಿದ ಸರ್ಟಿಫಿಕೇಟ್. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದ. ನಾನೂ ಅಪ್ರೆಂಟಿಸ್ ಆಗಿ ಮೇಲೆ ಬಂದವನು ಅಂತ ನಿಮಗೆಲ್ಲ ಗೊತ್ತೇ ಇದೆ. ಆ ಸರ್ಟಿಫಿಕೇಟ್ ನೋಡಿದ ಕೂಡಲೇ ಅರ್ಧ ಕೆಲಸ ಕೊಟ್ಟೇಬಿಟ್ಟಿದ್ದೆ.

ಒಂದು ಶಾಫ್ಟ್ (ದುಂಡನೆಯ ಲೋಹದ ದಂಡ) ಕೈಗೆ ಕೊಟ್ಟೆ. ಡ್ರಾಯಿಂಗ್ ಮುಂದಿಟ್ಟೆ. "ಈ ಡಯಾ ಚೆಕ್ ಮಾಡಿ ಹೇಳಪ್ಪಾ, ಜಾಬ್ ಓಕೆನಾ, ರಿಜೆಕ್ಟಾ" ಅಂದೆ. ಡ್ರಾಯಿಂಗಿನಲ್ಲಿದ್ದದ್ದು 20 ಎಚ್7. ಅಂದರೆ ವ್ಯಾಸ ಮಿಲಿಮೀಟರಿನಲ್ಲಿ 20.000ದಿಂದ 19.979ರ ಒಳಗಿರಬೇಕು. ಒಟ್ಟು ಬಿಟ್ಟಿರುವ ಜಾಗ, ಅಂದರೆ ಟಾಲರೆನ್ಸ್, 21 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಒಂದು ಕೂದಲಿನ ದಪ್ಪಕ್ಕಿಂತ ಕಡಿಮೆ. ಟೇಬಲ್ ಮೇಲೆ ವರ್ನಿಯರ್ ಇತ್ತು, ಮೈಕ್ರೋಮೀಟರೂ ಇತ್ತು. ಹುಡುಗ ವರ್ನಿಯರ್ ಎತ್ತಿಕೊಂಡ. ಅದರ ಲೀಸ್ಟ್ ಕೌಂಟೇ, ಅಂದರೆ ಅದು ತೋರಿಸಬಲ್ಲ ಅತಿ ಚಿಕ್ಕ ಅಳತೆಯೇ, 0.02 ಮಿಲಿಮೀಟರ್. ಇರುವ ಟಾಲರೆನ್ಸ್ ಪೂರ್ತಿ ಅದರ ಒಂದು ಗೆರೆಯಷ್ಟು. ಅದರಲ್ಲಿ ಏನು ಗೊತ್ತಾಗುತ್ತದೆ? "ಮೈಕ್ರೋಮೀಟರಲ್ಲಿ ನೋಡಪ್ಪಾ" ಅಂದೆ. ತೆಗೆದುಕೊಂಡ. ರ‍್ಯಾಚೆಟ್ ಮುಟ್ಟಲಿಲ್ಲ. ಬಿಗಿತವನ್ನು ಮಿತಿಯಲ್ಲಿಡುವ ತುದಿಯ ತಿರುಪು ಅದು. ಥಿಂಬಲ್ (ಅಳತೆಯ ಗೆರೆಗಳಿರುವ ಹಿಡಿ) ಹಿಡಿದು, ವೈಸ್ ಬಿಗಿಮಾಡುವ ಹಾಗೆ ತಿರುಗಿಸಿದ. ಅಷ್ಟು ಬಿಗಿ ಹಿಡಿದರೆ ಯಾವ ಜಾಬಾದರೂ ಚಿಕ್ಕದೇ ಕಾಣುತ್ತದೆ.

ನನ್ನ ಮುಖ ನೋಡಿದ. ಅವನಿಗೇ ಗೊತ್ತಾಯಿತು. ಮೆಲ್ಲಗೆ ಹೇಳಿದ, "ಸಾರ್, ಅಲ್ಲಿ ಗೋ-ನೋಗೋ ಗೇಜ್ ಕೊಡ್ತಿದ್ರು ಸಾರ್. ಹೋದ್ರೆ ಓಕೆ, ಹೋಗ್ದಿದ್ರೆ ಸೈಡಿಗಿಡು ಅಂತಿದ್ರು."

ಆ ಹುಡುಗನ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಸಿಟ್ಟು ಇರುವುದು ಅವನನ್ನು ಒಂದು ವರ್ಷ ಇಟ್ಟುಕೊಂಡವರ ಮೇಲೆ. ಆಮೇಲೆ ಕೂರಿಸಿಕೊಂಡು ಟೀ ಕೊಟ್ಟು ಕೇಳಿದೆ. ವರ್ಷಪೂರ್ತಿ ಒಂದೇ ಲೈನು, ಒಂದೇ ಸಿಎನ್‌ಸಿ ಲೇತ್ (ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕಡೆಯುವ ಮೆಷಿನ್). ಬಾಗಿಲು ತೆಗೆ, ಜಾಬ್ ಹಾಕು, ಬಾಗಿಲು ಮುಚ್ಚು, ಹಸಿರು ಬಟನ್ ಒತ್ತು. ಮುಗಿದ ಮೇಲೆ ಏರ್ ಹೊಡಿ, ಗೇಜ್ ಹಾಕು, ಟ್ರೇಗೆ ಇಡು. ಸೈಜ್ ಔಟ್ ಆದರೆ ಮೆಷಿನ್ ಹೊಂದಿಸುವ ಸೆಟ್ಟರನ್ನು ಕರಿ. ಸೆಟ್ಟರ್ ಬಂದು ಆಫ್‌ಸೆಟ್ (ಮೆಷಿನ್ನಿಗೆ ಕೊಡುವ ಅಳತೆಯ ತಿದ್ದುಪಡಿ) ಬದಲಾಯಿಸಿ ಹೋಗುತ್ತಿದ್ದ. ಈ ಹುಡುಗ ಪಕ್ಕದಲ್ಲಿ ನಿಂತು ನೋಡಲು ಹೋದರೆ, "ನಿನ್ ಕೆಲ್ಸ ನೋಡ್ಕೋ ಹೋಗು, ಪ್ರೊಡಕ್ಷನ್ ನಿಲ್ತಿದೆ" ಅನ್ನುತ್ತಿದ್ದನಂತೆ. ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಯಾಕೆ ಸವೆಯುತ್ತದೆ, ಸವೆದರೆ ಅಳತೆ ಯಾವ ಕಡೆಗೆ ಜಾರುತ್ತದೆ, ಅದಕ್ಕೆ ಆಫ್‌ಸೆಟ್ ಎಷ್ಟು ಕೊಡಬೇಕು? ಇದು ಸಾಲಾಗಿ ಹೇಳಿದರೆ ಅರ್ಧ ಗಂಟೆಯ ಪಾಠ. ವರ್ಷದಲ್ಲಿ ಆ ಅರ್ಧ ಗಂಟೆ ಅವನಿಗಾಗಿ ಯಾರಿಗೂ ಸಿಗಲಿಲ್ಲ.

ಇನ್ನೊಂದು ವಿಷಯ ಇದೆ, ಅದು ನನ್ನನ್ನು ಜಾಸ್ತಿ ಚುಚ್ಚಿತು. ಅಪ್ರೆಂಟಿಸ್ ಆದವನು ದಿನಾ ಏನು ಕಲಿತೆ ಅಂತ ಡೈರಿ ಬರೆಯಬೇಕು. ಅವನ ಫೋನಿನಲ್ಲಿ ಅದರ ಫೋಟೋ ಇತ್ತು, ತೋರಿಸಿದ. "ಸ್ಟಡಿ ಆಫ್ ಸಿಎನ್‌ಸಿ ಪ್ರೋಗ್ರಾಮಿಂಗ್", "ಸ್ಟಡಿ ಆಫ್ ಟೂಲ್ ಜಾಮೆಟ್ರಿ", "ಸ್ಟಡಿ ಆಫ್ ಪ್ರಿವೆಂಟಿವ್ ಮೆಂಟೆನೆನ್ಸ್". ಮುದ್ದಾದ ಅಕ್ಷರ. ಹಿಂದಿನ ಬ್ಯಾಚಿನವರ ಡೈರಿ ಕೊಟ್ಟು, ನೋಡಿಕೊಂಡು ಬರೀರಿ ಅಂದಿದ್ದರಂತೆ. ತಿಂಗಳ ಕೊನೆಗೆ ಎಲ್ಲ ಪುಟಕ್ಕೂ ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ಸೂಪರ್‌ವೈಸರ್ ಸಹಿ. ಕಲಿಸಿದ್ದೇನೂ ಇಲ್ಲ. ಕಲಿತೆ ಅಂತ ಹುಡುಗನ ಕೈಯಲ್ಲೇ ಬರೆಸಿಕೊಂಡಿದ್ದಾರೆ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಒಬ್ಬ ಹುಡುಗನಿಗೆ ಸುಳ್ಳು ರೆಕಾರ್ಡ್ ಬರೆಯುವುದನ್ನು ಕಲಿಸುವುದಾ? ನಾಳೆ ಇವನೇ ಇನ್‌ಸ್ಪೆಕ್ಷನ್ ರಿಪೋರ್ಟ್ ಬರೆಯಬೇಕಾದವನು ಅಲ್ವಾ?

ನಾನು ಐಟಿಐ ಫಿಟ್ಟರ್ ಮುಗಿಸಿ ತೊಂಬತ್ತರ ದಶಕದಲ್ಲಿ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದೆ. ಮೊದಲು ನಮ್ಮನ್ನು ಶಾಪ್ ಫ್ಲೋರಿಗೆ ಬಿಡಲೇ ಇಲ್ಲ. ಟ್ರೈನಿಂಗ್ ಸೆಂಟರಿನ ಬೆಂಚಿನಲ್ಲಿ ನಿಲ್ಲಿಸಿದರು. ಒಂದು ಮೈಲ್ಡ್ ಸ್ಟೀಲ್ ತುಂಡು, ಒಂದು ಫೈಲು. ಆರೂ ಮುಖ ಫ್ಲಾಟ್ ಆಗಬೇಕು, ಮೂಲೆ ತೊಂಬತ್ತು ಡಿಗ್ರಿ ಬರಬೇಕು. ನಮ್ಮ ಇನ್‌ಸ್ಟ್ರಕ್ಟರ್ ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಕಡೆ ಎತ್ತಿ ಹಿಡಿಯುತ್ತಿದ್ದರು. ಸಂದಿಯಲ್ಲಿ ಬೆಳಕು ಕಂಡರೆ ಮಾತಿಲ್ಲದೆ ವಾಪಸ್ ಕೊಡುತ್ತಿದ್ದರು. ಆಮೇಲೆ ಸರ್ಫೇಸ್ ಪ್ಲೇಟಿಗೆ ನೀಲಿ ಹಚ್ಚಿ ತುಂಡನ್ನು ಉಜ್ಜಿ, ಎಲ್ಲಿ ಬಣ್ಣ ಹತ್ತಿದೆ, ಎಲ್ಲಿ ಇಲ್ಲ ಅಂತ ತೋರಿಸುತ್ತಿದ್ದರು. ಬಣ್ಣ ಹತ್ತಿದ್ದು ಉಬ್ಬು, ಅಲ್ಲಿ ತೆಗಿ. ಅಂಗೈಯಲ್ಲಿ ಬೊಬ್ಬೆ ಬಂದು ಒಡೆದು ಗಟ್ಟಿಯಾಗಿತ್ತು. ಈಗ ಫೈಲಿಂಗ್ ಯಾರಿಗೆ ಬೇಕು, ಎಲ್ಲಾ ಮೆಷಿನ್ನೇ ಮಾಡುತ್ತದೆ ಅನ್ನುತ್ತಾರೆ. ಫೈಲ್ ಹಿಡಿಯುವುದಷ್ಟೇ ಅಲ್ಲ ಸ್ವಾಮಿ ಅಲ್ಲಿ ಕಲಿತದ್ದು. ಅಳತೆಗೆ ಹೆದರುವುದನ್ನು ಕಲಿತೆವು. ಇವತ್ತು ಸಿಎನ್‌ಸಿ ಮುಂದೆ ನಿಂತರೂ ನನಗೆ ಬಳಕೆಗೆ ಬರುವುದು ಅದೇ.

ಬೆಂಗಳೂರಿನ ಕೈಗಾರಿಕೆ ಬೆಳೆದದ್ದೇ ಹಾಗೆ. ಎಚ್‌ಎಂಟಿ ಶುರುವಾದದ್ದು 1953ರಲ್ಲಿ. ಎಚ್‌ಎಎಲ್, ಬಿಇಎಲ್, ಟೆಲಿಫೋನಿನ ಐಟಿಐ ಕಾರ್ಖಾನೆ, ಮೈಕೋ, ಇವೆಲ್ಲ ಹುಡುಗರನ್ನು ತಂದು ಪಳಗಿಸಿದವು. ಅಲ್ಲಿ ಕಲಿತು ಹೊರಬಂದ ಎಷ್ಟೋ ಜನ ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಒಂದೊಂದು ಲೇತ್ ಹಾಕಿ ಶೆಡ್ ಶುರುಮಾಡಿದರು. ಡೆನ್ಮಾರ್ಕಿನವರ ಸಹಾಯದಿಂದ 1972ರಲ್ಲಿ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಬಂತು. ಇವತ್ತಿಗೂ ಅಲ್ಲಿಂದ ಬಂದ ಹುಡುಗ ಅಂದರೆ ಟೂಲ್ ರೂಮಿನವರು ಎರಡನೇ ಪ್ರಶ್ನೆ ಕೇಳುವುದಿಲ್ಲ. ಅಂದರೆ ಕಲಿಸುವುದು ಹೇಗೆ ಅಂತ ಈ ಊರಿಗೆ ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೂ ಮಾಡುತ್ತಿಲ್ಲ.

ಈಗ ಕಾನೂನಿನ ಕಡೆ ಬನ್ನಿ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್ ಅಂದರೆ ಟ್ರೈನಿ, ವರ್ಕರ್ ಅಲ್ಲ. ಹಾಗಾಗಿ ಕಾರ್ಮಿಕ ಕಾನೂನು ಅವನಿಗೆ ಲಾಗೂ ಆಗುವುದಿಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಸಂಬಳದ ಬದಲು ಸ್ಟೈಪೆಂಡ್. 2019ರ ನಿಯಮದಲ್ಲಿ ಐಟಿಐ ಆದವರಿಗೆ ಕನಿಷ್ಠ 7,000, ಡಿಪ್ಲೊಮಾಗೆ 8,000, ಡಿಗ್ರಿಗೆ 9,000 ರೂಪಾಯಿ ಅಂತ ಇತ್ತು. ಡಿಪ್ಲೊಮಾ, ಡಿಗ್ರಿಯವರ ಕನಿಷ್ಠ ಸ್ಟೈಪೆಂಡಿನಲ್ಲಿ ಅರ್ಧವನ್ನು ನ್ಯಾಟ್ಸ್ ಅನ್ನುವ ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ಸರ್ಕಾರವೇ ಕೊಡುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಕೌನ್ಸಿಲ್ ಸ್ಟೈಪೆಂಡನ್ನು 36 ಪರ್ಸೆಂಟ್ ಜಾಸ್ತಿ ಮಾಡಿ ಅಂತ ಶಿಫಾರಸು ಮಾಡಿತು. ಒಳ್ಳೆಯದೇ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟ ಮೇಲೆ ಆ 8,000ದಲ್ಲಿ ಏನು ಉಳಿಯುತ್ತಿತ್ತು ಅಂತ ಎಲ್ಲರಿಗೂ ಗೊತ್ತು.

ಆದರೆ ನನ್ನ ತಕರಾರು ದುಡ್ಡಿನದ್ದಲ್ಲ. ನೀನು ವರ್ಕರ್ ಅಲ್ಲ, ಕಲಿಯಲು ಬಂದವನು, ಅದಕ್ಕೇ ಕಡಿಮೆ ಕೊಡುತ್ತೇವೆ ಅನ್ನುವುದು ಒಪ್ಪುವ ಮಾತು. ನಾವೂ ಒಪ್ಪಿದ್ದೆವು. ಆ ಕಡಿಮೆ ದುಡ್ಡಿನ ಬದಲಿಗೆ ನಮಗೆ ಕಸುಬು ಸಿಕ್ಕಿತು. ಕಸುಬನ್ನೂ ಕೊಡದೆ, ವರ್ಕರಿನ ಸಂಬಳವನ್ನೂ ಕೊಡದೆ ಪೂರ್ತಿ ಶಿಫ್ಟ್ ಪ್ರೊಡಕ್ಷನ್ ತೆಗೆದುಕೊಂಡರೆ ಏನನ್ನಬೇಕು? ಮೋಸ ಅಂತಲೇ ಅನ್ನುತ್ತೇನೆ. ಬೇಜಾರಾದವರು ಆಗಲಿ.

ವರ್ಷ ಮುಗಿದ ಮೇಲೆ? ಕೆಲಸ ಕೊಡಲೇಬೇಕು ಅಂತ ಇಲ್ಲ. ಕಂಪನಿ ತನ್ನದೇ ನೀತಿ ಮಾಡಿಕೊಳ್ಳಬಹುದು ಅಂತ 2014ರ ತಿದ್ದುಪಡಿ ಹೇಳುತ್ತದೆ. ಉಳಿದದ್ದೆಲ್ಲ ಸಮ ಇದ್ದರೆ ಹೊರಗಿನವರಿಗಿಂತ ಟ್ರೈನ್ ಆದ ಅಪ್ರೆಂಟಿಸ್‌ಗೆ ಮೊದಲ ಆದ್ಯತೆ ಕೊಡಿ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ನಾನು ನೋಡಿದ ಕಡೆಯೆಲ್ಲ ಆಗುತ್ತಿರುವುದು ಬೇರೆ. ಈ ಬ್ಯಾಚ್ ಹೊರಗೆ, ಮುಂದಿನ ಬ್ಯಾಚ್ ಒಳಗೆ, ಅದೇ ಮೆಷಿನ್ ಮುಂದೆ, ಅದೇ ಹಸಿರು ಬಟನ್. 2018ರ ಮಾರ್ಚಿನಲ್ಲಿ ಮುಂಬೈನಲ್ಲಿ ರೈಲ್ವೆ ಅಪ್ರೆಂಟಿಸ್ ಮುಗಿಸಿದ ಹುಡುಗರು ದಾದರ್ ಮತ್ತು ಮಾಟುಂಗಾ ನಡುವೆ ಹಳಿ ಮೇಲೆ ಕೂತು ಲೋಕಲ್ ರೈಲು ನಿಲ್ಲಿಸಿದ್ದು ನೆನಪಿದೆಯಾ? ಆಫೀಸಿಗೆ ಹೋಗುವವರಿಗೆ ತೊಂದರೆ ಆಯಿತು ಅಂತ ಎಲ್ಲರೂ ಬೈದರು. ರೈಲ್ವೆಯಲ್ಲಿ ಕೆಳಹಂತದ ನೇಮಕಾತಿಯಲ್ಲಿ ಇವರಿಗೆ 20 ಪರ್ಸೆಂಟ್ ಮೀಸಲು ಅಂತಲಾದರೂ ಇದೆ. ಖಾಸಗಿಯಲ್ಲಿ ಅದೂ ಇಲ್ಲ. ರೈಲು ನಿಲ್ಲಿಸಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆ ಹುಡುಗರ ಹೊಟ್ಟೆಯ ಉರಿ ನನಗೆ ಅರ್ಥವಾಗುತ್ತದೆ.

ಮಾಲೀಕರು ಹೇಳುವುದನ್ನೂ ಕೇಳಿದ್ದೇನೆ. ನಮ್ಮ ಮಾಲೀಕರೇ ಹೇಳುತ್ತಾರೆ. "ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ಮಾರಾಯ್ರೇ. ಕಲಿಸಿದ್ರೆ ಮೂರು ತಿಂಗ್ಳಿಗೆ ಓಡಿ ಹೋಗ್ತಾರೆ. ಕೈಯಲ್ಲಿ ಯಾವಾಗ್ಲೂ ಫೋನು." ಓಡಿ ಹೋಗುವವರಿದ್ದಾರೆ, ಸುಳ್ಳಲ್ಲ. ಎಲ್ಲಿಗೆ ಓಡುತ್ತಾರೆ? ಡೆಲಿವರಿ ಬ್ಯಾಗ್ ಹಾಕಿಕೊಂಡು ಬೈಕ್ ಹತ್ತುತ್ತಾರೆ. ಎರಡೂ ಕಡೆ ಕಲಿಯುವುದು ಏನೂ ಇಲ್ಲ ಅಂದಮೇಲೆ, ದುಡ್ಡು ಜಾಸ್ತಿ ಸಿಗುವ ಕಡೆ ಹೋಗುವುದು ಬುದ್ಧಿವಂತಿಕೆ. ನನ್ನ ಕೈಕೆಳಗೆ ಬಂದ ಹುಡುಗರಲ್ಲಿ ಆಫ್‌ಸೆಟ್ ಕಲಿಸಿಕೊಂಡವನು ಓಡಿದ್ದನ್ನು ನಾನು ಕಂಡಿಲ್ಲ. ಹೊಸದೊಂದು ಗೊತ್ತಾದ ದಿನ ಅವರು ಶಿಫ್ಟ್ ಮುಗಿದರೂ ಮೆಷಿನ್ ಬಿಟ್ಟು ಕದಲುವುದಿಲ್ಲ. ಚಿಕ್ಕ ಶಾಪಿನವರಿಗೆ ಕಲಿಸಲು ಬಿಡುವಿಲ್ಲ, ಸ್ಕ್ರ್ಯಾಪ್ ಆದರೆ ನಷ್ಟ ಅನ್ನುವುದನ್ನು ಬೇಕಾದರೆ ಒಪ್ಪೋಣ. ದೊಡ್ಡವರಿಗೆ ಏನು ಕಷ್ಟ? 30 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಎರಡೂವರೆಯಿಂದ 15 ಪರ್ಸೆಂಟ್‌ವರೆಗೆ ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕು ಅಂತ ನಿಯಮ ಇದೆ. ಲೆಕ್ಕಕ್ಕೆ ತಲೆ ತೋರಿಸುತ್ತಾರೆ. ಕಲಿಸುವವರನ್ನು ಮಾತ್ರ ನೇಮಿಸುವುದಿಲ್ಲ.

ಜರ್ಮನಿಯಲ್ಲಿ ಈ ಕಸುಬಿನ ಅಪ್ರೆಂಟಿಸ್‌ಶಿಪ್ಪಿಗೆ ಮೂರೂವರೆ ವರ್ಷ. ವಾರದಲ್ಲಿ ಒಂದೆರಡು ದಿನ ಸ್ಕೂಲು, ಉಳಿದ ದಿನ ಕಾರ್ಖಾನೆ. ನನಗೆ ಹಿಡಿಸಿದ್ದು ಅದಲ್ಲ. ಅಲ್ಲಿ ಅಪ್ರೆಂಟಿಸ್‌ಗೆ ಕಲಿಸುವವನು ತನಗೆ ಕಲಿಸಲು ಬರುತ್ತದೆ ಅಂತ ಮೊದಲು ಪರೀಕ್ಷೆ ಪಾಸಾಗಿ ತೋರಿಸಬೇಕು. ಕೊನೆಯ ಪರೀಕ್ಷೆಯನ್ನು ಕಂಪನಿ ಮಾಡುವುದಿಲ್ಲ, ಚೇಂಬರಿನವರು, ಅಂದರೆ ಕೈಗಾರಿಕೆ ಮತ್ತು ವಾಣಿಜ್ಯ ಮಂಡಳಿಯವರು, ಮಾಡುತ್ತಾರೆ. ನಮ್ಮಲ್ಲಿ ಐಟಿಐ ಹುಡುಗರಿಗಾದರೂ ಆಲ್ ಇಂಡಿಯಾ ಟ್ರೇಡ್ ಟೆಸ್ಟ್ ಅಂತ ಇದೆ. ಡಿಪ್ಲೊಮಾ, ಡಿಗ್ರಿ ಅಪ್ರೆಂಟಿಸ್‌ಗಳಿಗೆ ಅದೂ ಇಲ್ಲ. ವರ್ಷ ಕಳೆದರೆ ಸರ್ಟಿಫಿಕೇಟ್.

ನಮ್ಮ ಬೀದಿಯ ಹುಡುಗಿಯೊಬ್ಬಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಇನ್ನೊಂದು ಕಡೆ ಅಪ್ರೆಂಟಿಸ್ ಆಗಿದ್ದಳು. ಅವಳದ್ದೂ ಇದೇ ಕಥೆ, ಲೇತ್ ಬದಲು ಕನ್ವೇಯರ್. ಮೂರು ಸ್ಕ್ರೂ ಹಾಕಿ ಮುಂದೆ ತಳ್ಳುವುದು. ಸರ್ಕ್ಯೂಟ್ ಡಯಾಗ್ರಾಮ್ ಒಂದನ್ನೂ ಕಣ್ಣಲ್ಲಿ ನೋಡಲಿಲ್ಲ ಅಂಕಲ್ ಅಂದಳು. ಈಗ ಬಿಎಡ್ ಮಾಡುತ್ತೇನೆ ಅನ್ನುತ್ತಿದ್ದಾಳೆ. ಓದಿನಲ್ಲಿ ಅಷ್ಟು ಚುರುಕಿದ್ದ ಹುಡುಗಿ ಕಾರ್ಖಾನೆಯ ಹೆಸರೆತ್ತಿದರೆ ಮುಖ ತಿರುಗಿಸುತ್ತಾಳೆ.

ಒಂದು ಮಾತು ಹೇಳಿಬಿಡುತ್ತೇನೆ, ಮನೆಯಲ್ಲೂ ಹೇಳಿಲ್ಲ. ನನ್ನ ಮಗ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಅಪ್ಪನ ಹಾಗೆ ಅಪ್ರೆಂಟಿಸ್ ಆಗುತ್ತೇನೆ ಅಂತ ಅವನೇ ಹೇಳಿದಾಗ ಎಷ್ಟು ಹೆಮ್ಮೆ ಆಗಿತ್ತು. ಈಗ ಅವನನ್ನು ಕಳಿಸಲು ನನಗೆ ಭಯ. ಈ ಕಸುಬಿನಿಂದಲೇ ಮನೆ ಕಟ್ಟಿದವನು, ಇದೇ ಕಸುಬಿಗೆ ಮಗನನ್ನು ಕಳಿಸಲು ಹೆದರುತ್ತಿದ್ದೇನೆ. ಇಷ್ಟು ಸಿಟ್ಟು ಬರಲು ಅದೂ ಒಂದು ಕಾರಣ ಇರಬೇಕು.

ಅದಕ್ಕೇ ಈ ವರ್ಷ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೆ ಹೇಳುತ್ತೇನೆ. ಆಫರ್ ಲೆಟರ್ ಬಂತು ಅಂತ ಸುಮ್ನೆ ಸಹಿ ಹಾಕಿಸಬೇಡಿ. ಕಾಂಟ್ರಾಕ್ಟ್ ಸರ್ಕಾರದ ಪೋರ್ಟಲಿನಲ್ಲಿ ರಿಜಿಸ್ಟರ್ ಆಗಿದೆಯಾ ನೋಡಿ. ಕಾಂಟ್ರಾಕ್ಟರ್ ಮೂಲಕ ಬರೀ "ಟ್ರೈನಿ" ಅಂತ ಕಾಗದ ಕೊಟ್ಟರೆ ಅದು ಅಪ್ರೆಂಟಿಸ್‌ಶಿಪ್ಪೇ ಅಲ್ಲ. ಯಾವ ತಿಂಗಳು ಯಾವ ಸೆಕ್ಷನ್, ಕಲಿಸುವವರು ಯಾರು ಅಂತ ಬಾಯಿಬಿಟ್ಟು ಕೇಳಿ. ಉತ್ತರ ಕೊಡಲು ತಡಬಡಾಯಿಸಿದರೆ ಅಲ್ಲೇ ಅರ್ಥ ಮಾಡಿಕೊಳ್ಳಿ. ಡೈರಿಯಲ್ಲಿ ನಿಜ ಬರಿ ಅಂತ ಮಕ್ಕಳಿಗೆ ಹೇಳಿ. ಲೋಡಿಂಗ್ ಮಾಡಿದ್ದರೆ ಲೋಡಿಂಗ್ ಅಂತಲೇ ಬರೆಯಲಿ. ಸೂಪರ್‌ವೈಸರ್ ಅದಕ್ಕೂ ಸಹಿ ಹಾಕಲಿ.

ನನ್ನ ಫ್ರೆಂಡ್ ಲಿಸ್ಟಿನಲ್ಲಿ ಸೆಟ್ಟರ್‌ಗಳಿದ್ದೀರಿ, ಲೈನ್ ಸೂಪರ್‌ವೈಸರ್‌ಗಳಿದ್ದೀರಿ, ಎಚ್‌ಆರ್‌ನವರೂ ಇದ್ದೀರಿ. ಮುಂದಿನ ಸಲ ಆಫ್‌ಸೆಟ್ ಹಾಕುವಾಗ ಪಕ್ಕದಲ್ಲಿ ನಿಂತ ಹುಡುಗನನ್ನು ಓಡಿಸಬೇಡಿ. ಅವನ ಕೈಯಲ್ಲೇ ಹಾಕಿಸಿ. ಒಂದು ಜಾಬ್ ಸ್ಕ್ರ್ಯಾಪ್ ಆದರೆ ಆಗಲಿ. ಅಪ್ರೆಂಟಿಸ್ ಆಗಿದ್ದ ಹುಡುಗ ಹುಡುಗಿಯರು ಇಲ್ಲಿದ್ದರೆ ಕೆಳಗೆ ಬರೆಯಿರಿ. ಕಂಪನಿ ಹೆಸರು ಬೇಡ. ಯಾವ ಟ್ರೇಡು, ಏನು ಮಾಡಿಸಿದರು, ಏನು ಕಲಿಸಿದರು, ಅಷ್ಟು ಸಾಕು. ಚೆನ್ನಾಗಿ ಕಲಿಸಿದವರಿದ್ದರೆ ಅದನ್ನು ಮೊದಲು ಬರೆಯಿರಿ. ನನ್ನ ಮಗನನ್ನು ಅಂಥ ಕಡೆ ಕಳಿಸಬೇಕು.